ಕಾಡಲ್ಲಿ ಕಟ್ಟಿಕೊಂಡ ಗೂಡು ಬಿಟ್ಟು ಯಾವಾಗ ಹೊರಡಬೇಕು?

ದಾರಿ ತಪ್ಪಿ, ಕೊಂಬೆ ಸೊಪ್ಪು ಹೊಂದಿಸಿ ಒಂದು ಗೂಡು ಮಾಡಿಕೊಂಡಿದ್ದೀರಿ. ಹೊರಡಬೇಕಾ ಬೇಡವಾ ಅನ್ನೋದನ್ನ ರಾತ್ರಿ ಹೊತ್ತು ಮಾತ್ರ ತೀರ್ಮಾನ ಮಾಡಬೇಡಿ. ಕತ್ತಲಲ್ಲಿ ಭಯವೇ ಮಾತಾಡುತ್ತದೆ. ಬೆಳಗಾಗಲಿ, ಎರಡು ಗುಟುಕು ನೀರು ಕುಡಿದು ಯೋಚಿಸಿ.

ನೀವು ಎಲ್ಲಿಗೆ ಹೋಗಿದ್ದೀರಿ, ಯಾವಾಗ ವಾಪಸ್ ಬರುತ್ತೀರಿ ಅಂತ ಯಾರಿಗಾದರೂ ಗೊತ್ತಿದೆಯಾ? ಗೊತ್ತಿದ್ದರೆ ಅಲ್ಲೇ ಇರಿ. ನೀವು ಎರಡು ಪಟ್ಟು ದೂರ ನಡೆದರೆ ಹುಡುಕುವವರು ಜಾಲಾಡಬೇಕಾದ ಜಾಗ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಸುಮ್ನೆ ಕೂತಿರೋದು ಎಷ್ಟೋ ಸಲ ನಡೆಯೋದಕ್ಕಿಂತ ಜಾಣತನ. ಮೂರು ಸಲ ಸೀಟಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ, ಹೀಗೆ ಊದುತ್ತಿರಿ.

ತಕ್ಷಣ ಎದ್ದು ಹೋಗಬೇಕಾದ ಸಂದರ್ಭಗಳೂ ಇವೆ. ಹಳ್ಳದ ನೀರು ಏರುತ್ತಿದೆ, ಕಾಡ್ಗಿಚ್ಚಿನ ಹೊಗೆ ಹತ್ತಿರ ಬರುತ್ತಿದೆ, ತಲೆ ಮೇಲೆ ಒಣಗಿದ ಕೊಂಬೆ ಗಾಳಿಗೆ ಅಲ್ಲಾಡುತ್ತಿದೆ. ಆಗಲೂ ಹತ್ತಿರದ ಸುರಕ್ಷಿತ ಜಾಗಕ್ಕೆ ಹೋದರೆ ಸಾಕು, ಊರು ಹುಡುಕಿಕೊಂಡು ಹೋಗೋದು ಬೇಡ.

ಹಸಿವಾಯಿತು ಅಂತ ಹೊರಡಬೇಡಿ. ಊಟ ಇಲ್ಲದೆ ವಾರಗಟ್ಟಲೆ ಬದುಕಬಹುದು. ನೀರಿಲ್ಲದೆ ಸುಮಾರು 3 ದಿನ ಅಷ್ಟೇ, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಹಾಗಾಗಿ ಹತ್ತಿರ ಎಲ್ಲೂ ನೀರಿಲ್ಲ ಅಂದರೆ ಮೈಯಲ್ಲಿ ಶಕ್ತಿ ಇರುವಾಗಲೇ ಹೊರಡಿ, ಪೂರ್ತಿ ಸುಸ್ತಾಗುವವರೆಗೆ ಕಾಯಬೇಡಿ.

ಯಾರೂ ಬರೋದಿಲ್ಲ ಅಂತ ಖಚಿತವಾದರೂ ಹೊರಡಬೇಕು, ಆದರೆ ಆತುರ ಬೇಡ. 1972ರಲ್ಲಿ ಆಂಡೀಸ್ ಪರ್ವತದಲ್ಲಿ ವಿಮಾನ ಬಿದ್ದಾಗ, ಹುಡುಕಾಟ ನಿಂತ ಸುದ್ದಿಯನ್ನ ಬದುಕುಳಿದವರು ರೇಡಿಯೊದಲ್ಲೇ ಕೇಳಿದರು. ಆದರೂ ಚಳಿ ಸ್ವಲ್ಪ ಇಳಿಯಲಿ ಅಂತ ಡಿಸೆಂಬರ್‌ವರೆಗೆ ಕಾದರು, ವಿಮಾನದ ಬಾಲದಲ್ಲಿ ಸಿಕ್ಕ ವಸ್ತುವಿನಿಂದ ಮಲಗುವ ಚೀಲ ಹೊಲಿದುಕೊಂಡರು, ಆಮೇಲೆ ಅವರಲ್ಲಿ ಪರಾಡೊ ಮತ್ತು ಕನೆಸ್ಸಾ ಅನ್ನೋ ಇಬ್ಬರು ಸುಮಾರು 10 ದಿನ ನಡೆದು ಜನರನ್ನ ತಲುಪಿದರು. ಒಟ್ಟು 16 ಜನ ಉಳಿದರು. ಆ ತಯಾರಿ ಇಲ್ಲದೆ ಹೊರಟಿದ್ದರೆ ರಾತ್ರಿಯ ಚಳಿಯನ್ನ ತಡೆದುಕೊಳ್ಳೋದು ಕಷ್ಟವಿತ್ತು.

ಹೊರಡೋದು ಅಂತಾದರೆ ಬೆಳಗ್ಗೆಯೇ ಹೊರಡಿ. ಕಾಲು ಉಳುಕಿದ್ದರೆ, ಮೈ ನಡುಗುತ್ತಿದ್ದರೆ, ಮಂಜು ಮುಸುಕಿದ್ದರೆ ಆ ದಿನ ಬಿಟ್ಟುಬಿಡಿ. ಸೂರ್ಯ ಕಾಣದಿದ್ದಾಗ ಮನುಷ್ಯ ನೇರ ನಡೆಯುತ್ತಿದ್ದೇನೆ ಅಂದುಕೊಂಡೇ ಸುತ್ತು ಹೊಡೆಯುತ್ತಾನೆ, ಇದನ್ನ 2009ರಲ್ಲಿ ಜರ್ಮನಿಯ ಸಂಶೋಧಕರು ಜನರನ್ನ ನಡೆಸಿಯೇ ತೋರಿಸಿದ್ದಾರೆ. ಗೂಡಿನಲ್ಲಿ ಎದ್ದು ಕಾಣುವ ಬಟ್ಟೆ ಕಟ್ಟಿ, ದಿನ, ಹೊತ್ತು, ಎಷ್ಟು ಜನ, ಯಾವ ಕಡೆ ಹೋಗುತ್ತಿದ್ದೀರಿ ಅಂತ ಬರೆದಿಡಿ. ಕಾಗದ ಇಲ್ಲವಾ? ಕಲ್ಲಿನಿಂದ ದೊಡ್ಡ ಬಾಣದ ಗುರುತು ಮಾಡಿ. ದಾರಿಯುದ್ದಕ್ಕೂ ಕೊಂಬೆ ಮುರಿಯುತ್ತಾ ಹೋಗಿ, ಹಿಂದಿರುಗಿ ನೋಡಿದರೆ ಕೊನೆಯ ಗುರುತು ಕಾಣುವಷ್ಟು ಹತ್ತಿರ ಹತ್ತಿರ ಇರಲಿ.

ವಾಪಸ್ ತಿರುಗುವ ಹೊತ್ತನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ತೋಳು ಪೂರ್ತಿ ಚಾಚಿ, ಬೆರಳುಗಳನ್ನ ಅಡ್ಡ ಜೋಡಿಸಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ. ಒಂದು ಬೆರಳಿಗೆ ಸುಮಾರು 15 ನಿಮಿಷದ ಬೆಳಕು. ಬಂದಷ್ಟೇ ಹೊತ್ತು ವಾಪಸ್ ಹೋಗೋಕೂ ಬೇಕಲ್ವಾ? ಅಷ್ಟು ಬೆಳಕು ಉಳಿದಿರುವಾಗ ದಾರಿಯೂ ಸಿಕ್ಕಿಲ್ಲ, ಜನರ ದನಿಯೂ ಕೇಳಿಲ್ಲ ಅಂದರೆ, ಮುಂದಿನ ತಿರುವಿನ ಆಸೆ ಬಿಟ್ಟು ಗುರುತು ಹಿಡಿದು ಗೂಡಿಗೆ ವಾಪಸ್ ಬನ್ನಿ, ನಾಳೆ ಇನ್ನೊಂದು ದಿಕ್ಕು ನೋಡಿದರಾಯಿತು.