ಬಿಡದೆ ಕಾಡೋ ಕಾಯಿಲೆ ಜೊತೆಗೇ ಕತೆ ಬರೆಯೋದು ಹೇಗೆ

ವರ್ಷಗಟ್ಟಲೆ ಕಾಯಿಲೆ ಜೊತೆ ಬದುಕೋರಿಗೆ ನೋವು ಸುಸ್ತು ಒಂದು ಕಡೆ ಆದ್ರೆ, ಅದಕ್ಕಿಂತ ಜಾಸ್ತಿ ಒಳಗೊಳಗೇ ಕೊರೆಯೋದು ‘ಈಗ ನಾನು ಯಾರಿಗೆ ಬೇಕು, ಯಾವುದಕ್ಕೆ ಬೇಕು’ ಅನ್ನೋ ಪ್ರಶ್ನೆ. ಕೆಲಸ ಬಿಟ್ಟಿರ್ತೀರ ಇಲ್ಲಾ ಅರ್ಧಕ್ಕೆ ಇಳಿಸಿರ್ತೀರ, ದಿನ ಅಂದ್ರೆ ಮಾತ್ರೆ ಟೈಮು, ಟೆಸ್ಟ್ ರಿಪೋರ್ಟು, ಮುಂದಿನ ಅಪಾಯಿಂಟ್‌ಮೆಂಟು ಇಷ್ಟೇ ಆಗ್ಬಿಟ್ಟಿರುತ್ತೆ. ಇಂಥಾ ಹೊತ್ತಲ್ಲಿ ಕತೆ ಕವನ ಬರೆಯೋದು ನಿಜವಾಗ್ಲೂ ಕೈ ಹಿಡಿಯುತ್ತೆ ಅಂತ ನಾನು ನಂಬ್ತೀನಿ. ಆದ್ರೆ ಬದುಕಿಗೊಂದು ಉದ್ದೇಶ ಸಿಗ್ಲಿ, ಆಮೇಲೆ ಬರೀತೀನಿ ಅಂತ ಕಾಯ್ಬೇಡಿ. ಅರ್ಧ ಆಗಿರೋ ಒಂದು ಕತೆ ಕೈಲಿದ್ರೆ ಸಾಕು, ನಾಳೆ ಎದ್ದು ಮಾಡೋಕೆ ಏನೋ ಒಂದು ಇದೆ ಅನ್ನೋದು ತಾನಾಗೇ ಶುರುವಾಗುತ್ತೆ.

ಮೊದಲನೇ ಮಾತು, ಗುರಿ ಇಟ್ಕೊಳ್ಳೋವಾಗ ನಿಮ್ಮ ಕೆಟ್ಟ ದಿನ ನೋಡಿ ಇಟ್ಕೊಳ್ಳಿ. ದಿನಾ ಸಾವಿರ ಪದ ಬರೀರಿ, ಬೆಳಗ್ಗೆ ಐದಕ್ಕೆ ಎದ್ದೇಳಿ ಅಂತ ಹೇಳೋ ಸಲಹೆಗಳೆಲ್ಲ ಯಾರ ಮೈ ಅವರ ಮಾತು ಕೇಳುತ್ತೋ ಅವರಿಗೆ ಸರಿ, ನಮಗಲ್ಲ. ತೀರಾ ಆಗದೇ ಇರೋ ದಿನ ಮಲ್ಕೊಂಡೇ ಏನು ಮಾಡಬಹುದು? ಒಂದು ವಾಕ್ಯ? ಹಾಗಿದ್ರೆ ದಿನದ ಲೆಕ್ಕ ಒಂದೇ ವಾಕ್ಯ. ಅದಕ್ಕಿಂತ ಜಾಸ್ತಿ ಬಂದ್ರೆ ಖುಷಿ, ಬರದಿದ್ರೆ ಸಾಲ ಅಲ್ಲ.

ನಿಜವಾದ ಅಪಾಯ ಇರೋದು ಒಳ್ಳೆ ದಿನದಲ್ಲಿ. ಮೈ ಹಗುರ ಅನ್ಸುತ್ತೆ, ಮೂರು ಗಂಟೆ ಕೂತು ಬರೆದುಬಿಡ್ತೀವಿ, ಆಮೇಲೆ ವಾರಗಟ್ಟಲೆ ಏಳೋಕಾಗಲ್ಲ. ಎಂಇ/ಸಿಎಫ್‌ಎಸ್ ಅನ್ನೋ, ಎಷ್ಟು ವಿಶ್ರಾಂತಿ ತಗೊಂಡ್ರೂ ಸುಸ್ತು ಹೋಗದೇ ಇರೋ ಕಾಯಿಲೆ ಇರೋರಿಗೆ ಇದು ತುಂಬಾ ಚೆನ್ನಾಗಿ ಗೊತ್ತು, ಅದರಲ್ಲಿ ಬರೀ ತಲೆ ಕೆಲಸ ಮಾಡಿದ್ರೂ ಸಾಕು, ಒಂದೆರಡು ದಿನ ಬಿಟ್ಟು ಮೈ ಪೂರ್ತಿ ಕೈಕೊಡಬಹುದು, ಅದಕ್ಕೇ ಅವರಿಗೆ ‘ಪೇಸಿಂಗ್’ ಅಂತ ಹೇಳಿಕೊಡ್ತಾರೆ, ಅಂದ್ರೆ ಶಕ್ತಿ ಮುಗಿಯೋಕೆ ಮುಂಚೆನೇ ನಿಲ್ಲಿಸೋದು. ಬೇರೆ ಕಾಯಿಲೆ ಇರೋರಿಗೂ ಇದು ಒಳ್ಳೇದೇ. ಫೋನಲ್ಲಿ ಹತ್ತು ನಿಮಿಷ ಟೈಮರ್ ಇಡಿ, ಬೆಲ್ ಹೊಡೆದಾಗ ಇನ್ನೂ ಬರೆಯೋ ಆಸೆ ಇದ್ರೂ ನಿಲ್ಲಿಸಿ.

ನಿಲ್ಲಿಸೋ ಮುಂಚೆ ಒಂದು ಕೆಲಸ ಮಾತ್ರ ಮಾಡಿ. ಪುಟದ ಮೇಲ್ಗಡೆ ‘ಈಗ ಯಾರು ಎಲ್ಲಿದಾರೆ, ಮುಂದೆ ಏನಾಗ್ಬೇಕು’ ಅಂತ ಎರಡು ಸಾಲು ಹಾಕಿಡಿ. ತಲೆ ಮಂಜು ಕವಿದಂಗೆ ಇರೋ ದಿನ ಹಿಂದಿನದನ್ನೆಲ್ಲ ಮತ್ತೆ ಓದಿ ನೆನಪು ಮಾಡ್ಕೊಳ್ಳೋದ್ರಲ್ಲೇ ಇರೋ ಶಕ್ತಿ ಮುಗಿದೋಗುತ್ತೆ, ಈ ಎರಡು ಸಾಲು ಅದನ್ನ ಉಳಿಸುತ್ತೆ.

ಕೈ ನೋವಿದ್ರೆ ಬೆರಳಿಗೆ ಹಿಂಸೆ ಕೊಡ್ಬೇಡಿ. ಎಷ್ಟೋ ಫೋನ್‌ಗಳಲ್ಲಿ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿದ್ರೆ ಅದೇ ಟೈಪ್ ಮಾಡುತ್ತೆ. ಹೆಸರುಗಳನ್ನ ತಪ್ಪಾಗಿ ಕೇಳಿಸ್ಕೊಳ್ಳುತ್ತೆ, ಎಷ್ಟೋ ಸಲ ವಾಕ್ಯ ಎಲ್ಲಿ ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ, ಇರಲಿ ಬಿಡಿ, ತಿದ್ದೋದು ಇನ್ನೊಂದು ದಿನದ ಕೆಲಸ. ರುಮಟಾಯ್ಡ್ ಆರ್ಥ್ರೈಟಿಸ್ ಇರೋರಿಗೆ ಬೆಳಗ್ಗೆ ಕೀಲು ಬಿಗಿದಿರುತ್ತೆ, ಅವರಿಗೆ ಮಧ್ಯಾಹ್ನ ಬರೆಯೋದೇ ವಾಸಿ. ನಿಮ್ಮ ಹೊತ್ತು ಯಾವುದು ಅಂತ ನಿಮ್ಮ ಮೈನ ಕೇಳಿ.

ಇನ್ನು ಏನು ಬರೀಬೇಕು ಅನ್ನೋದು. ಇಲ್ಲೇ ಜಾಸ್ತಿ ಜನ ಸಿಕ್ಕಾಕೊಳ್ಳೋದು. ಕಾಯಿಲೆ ಬಗ್ಗೆ ಬರೆಯೋಕೆ ಕೂತ್ರೆ ಮೊದಲು ಬರೋದು ಇಂಥಾ ವಾಕ್ಯ: ‘ತುಂಬಾ ನೋವಿತ್ತು, ಯಾರಿಗೂ ಅರ್ಥ ಆಗ್ಲಿಲ್ಲ.’ ಸುಳ್ಳಲ್ಲ, ಆದ್ರೆ ಓದೋರ ಕಣ್ಣಿಗೆ ಏನೂ ಕಾಣಲ್ಲ. ಅದೇ ವಿಷಯನ ಹೀಗೆ ಬರೆದು ನೋಡಿ: ‘ಬಾಟಲಿ ಮುಚ್ಚಳ ತಿರುಗಲಿಲ್ಲ. ಮಗಳು ಪುಸ್ತಕದಿಂದ ಕಣ್ಣೆತ್ತದೇ ಕೈ ಚಾಚಿದಳು, ತೆಗೆದುಕೊಟ್ಟಳು, ಪುಟ ತಿರುಗಿಸಿದಳು.’ ಇಲ್ಲಿ ನೋವು ಅನ್ನೋ ಪದನೇ ಇಲ್ಲ. ಆದ್ರೆ ಆ ಮಗು ಕಣ್ಣೆತ್ತಲಿಲ್ಲ ಅನ್ನೋದ್ರಲ್ಲಿ ಎಷ್ಟು ದಿನದಿಂದ ಇದು ನಡೀತಿದೆ ಅಂತ ಗೊತ್ತಾಗಿಬಿಡುತ್ತೆ, ತಾಯಿ ಮನಸ್ಸಿಗೆ ಏನಾಯ್ತು ಅಂತಾನೂ. ಕೈಗೆ ಸಿಗೋ ಒಂದು ವಸ್ತು, ಪಕ್ಕದಲ್ಲಿರೋ ಒಬ್ಬ ಮನುಷ್ಯ, ಇಬ್ಬರ ಮಧ್ಯೆ ನಡೆಯೋ ಒಂದು ಸಣ್ಣ ಕ್ರಿಯೆ, ಇಷ್ಟು ಹಿಡ್ಕೊಂಡ್ರೆ ಒಂದು ದಿನದ ಬರವಣಿಗೆಗೆ ಧಾರಾಳ ಆಯ್ತು.

ಆಮೇಲೆ ಅದನ್ನ ಬೇರೆಯವರಿಗೆ ಕೊಟ್ಟುಬಿಡಿ. ‘ನಾನು’ ತೆಗೆದು ಒಂದು ಪಾತ್ರ ಮಾಡಿ, ವಯಸ್ಸು ಬೇರೆ, ಕೆಲಸ ಬೇರೆ, ಬೇಕಾದ್ರೆ ನಿಮಗಿಂತ ಜಗಳಗಂಟಿ ಮಾಡಿ. ಆಗ ಎರಡು ಲಾಭ ಇದೆ. ಒಂದು, ತೀರಾ ಹತ್ತಿರದ ನೋವನ್ನ ಸ್ವಲ್ಪ ದೂರ ನಿಂತು ನೋಡಬಹುದು. ಇನ್ನೊಂದು ನನ್ನ ಪ್ರಕಾರ ಇಡೀ ವಿಷಯದ ಜೀವಾಳ, ಕಾಯಿಲೆಯಲ್ಲಿ ಯಾವುದೂ ನಾವು ಹೇಳ್ದಂಗೆ ನಡೆಯಲ್ಲ, ಮೈ ಯಾವಾಗ ಕೈಕೊಡುತ್ತೋ, ರಿಪೋರ್ಟಲ್ಲಿ ಏನು ಬರುತ್ತೋ, ಎಲ್ಲಾದಕ್ಕೂ ಕಾಯೋದೇ ಕೆಲಸ, ಆದ್ರೆ ಈ ಪಾತ್ರ ಬಾಗಿಲು ತೆಗೀಬೇಕೋ ಬೇಡ್ವೋ ಅಂತ ನಿರ್ಧಾರ ಮಾಡೋರು ನೀವೇ.

ಕಾಯಿಲೆ ಬಗ್ಗೆ ಬರೀಲೇಬೇಕು ಅಂತನೂ ಇಲ್ಲ. ಅಮೆರಿಕದ ಕತೆಗಾರ್ತಿ ಫ್ಲಾನರಿ ಓಕಾನರ್‌ಗೆ 25ನೇ ವಯಸ್ಸಲ್ಲಿ ಲೂಪಸ್ (ಮೈಯನ್ನ ಕಾಯೋ ಶಕ್ತಿನೇ ಮೈ ಮೇಲೆ ತಿರುಗಿಬೀಳೋ ಕಾಯಿಲೆ) ಶುರುವಾಯ್ತು, ಅವರ ತಂದೆ ಅದೇ ಕಾಯಿಲೆಯಿಂದ ತೀರ್ಕೊಂಡಿದ್ರು. ತಾಯಿ ಜೊತೆ ತೋಟದ ಮನೆಯಲ್ಲಿದ್ಕೊಂಡು ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಬರೀತಿದ್ರು, ಉಳಿದ ದಿನ ವಿಶ್ರಾಂತಿ, ಪತ್ರ, ಸಾಕಿದ ನವಿಲುಗಳು. 1964ರಲ್ಲಿ 39ನೇ ವಯಸ್ಸಿಗೆ ಹೋದ್ರು, ಅಷ್ಟರಲ್ಲಿ ಎರಡು ಕಾದಂಬರಿ, ಸುಮಾರು 30 ಸಣ್ಣಕತೆ ಬರೆದಿದ್ರು. ಆ ಕತೆಗಳು ಲೂಪಸ್ ಡೈರಿ ಅಲ್ಲ, ಸುತ್ತಮುತ್ತಲಿನ ಜನರ ಕತೆಗಳು.

ಬರೆದ್ರೆ ಮೈಗೇನಾದ್ರೂ ಉಪಯೋಗ ಇದ್ಯಾ ಅಂತ ಕೇಳ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಕಷ್ಟದ ಅನುಭವ ಬರೆದಿದ್ರು. ಇದೇ ಥರ 1999ರಲ್ಲಿ ಅಸ್ತಮಾ ಮತ್ತು ರುಮಟಾಯ್ಡ್ ಆರ್ಥ್ರೈಟಿಸ್ ಇರೋರನ್ನ ಮೂರು ದಿನ, 20 ನಿಮಿಷ ಬರೆಸಿದ ಅಧ್ಯಯನ ಬಂತು, ನಾಲ್ಕು ತಿಂಗಳಾದ್ಮೇಲೆ ನೋಡಿದ್ರೆ ಮಾಮೂಲಿ ವಿಷಯ ಬರೆದೋರಿಗಿಂತ ಇವರಲ್ಲಿ ಸುಧಾರಣೆ ಜಾಸ್ತಿ ಕಾಣ್ತು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ, ಹಾಗಾಗಿ ಇದನ್ನ ಔಷಧಿ ಅಂತ ಹಿಡ್ಕೋಬೇಡಿ, ಮಾತ್ರೆ ಬಿಡ್ಬೇಡಿ. ಮತ್ತೆ, ಕಹಿ ನೆನಪು ಬರೆದ ತಕ್ಷಣ ಮನಸ್ಸು ಇನ್ನೂ ಭಾರ ಆಗೋದು ಸಹಜ. ಅದು ದಿನಗಟ್ಟಲೆ ಇಳೀದೇ ಇದ್ರೆ ಆ ವಿಷಯ ಅಲ್ಲಿಗೇ ಬಿಡಿ, ಬದುಕೇ ಬೇಡ ಅನ್ನೋ ಯೋಚನೆ ಬಂದ್ರಂತೂ ಅವತ್ತೇ ಮನೆಯವರಿಗೆ, ಡಾಕ್ಟರ್‌ಗೆ ಹೇಳಿ.

ಓದೋಕೆ ಒಬ್ಬರನ್ನ ಹುಡುಕ್ಕೊಳ್ಳಿ, ಒಬ್ಬರೇ ಸಾಕು. ಹೊಗಳೋರು ಬೇಡ, ‘ಆಮೇಲೇನಾಯ್ತು’ ಅಂತ ಕೇಳೋರು ಬೇಕು. ಅದೇ ಕಾಯಿಲೆ ಇರೋ ಇನ್ನೊಬ್ಬರು ಸಿಕ್ಕಿದ್ರಂತೂ ನೀವು ಬರೆದ ಒಂದು ಪುಟ ಅವರ ಕೆಟ್ಟ ದಿನಕ್ಕೆ ಜೊತೆಯಾಗುತ್ತೆ, ‘ನಾನು ಯಾರಿಗೆ ಬೇಕು’ ಅನ್ನೋದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಆದ್ರೆ ಇಂಥಾ ತಾರೀಖಿಗೆ ಕೊಡ್ತೀನಿ ಅಂತ ಮಾತು ಕೊಡ್ಬೇಡಿ, ‘ಈ ತಿಂಗಳಲ್ಲಿ ಯಾವಾಗಾದ್ರೂ’ ಅನ್ನಿ. ನಿಮ್ಮನ್ನ ನೋಡ್ಕೊಳ್ಳೋರ ಬಗ್ಗೆ ಬರೆದಿದ್ರೆ ಹೊರಗೆ ಹಾಕೋ ಮುಂಚೆ ಅವರಿಗೆ ಓದಿ ಹೇಳಿ, ಅವರಿಗೂ ಒಂದು ಮರ್ಯಾದೆ ಇದೆ.

ಕಾಯಿಲೆ ಜೋರಾಗಿ ತಿಂಗಳುಗಟ್ಟಲೆ ಬರವಣಿಗೆ ನಿಂತೇ ಹೋಗಬಹುದು, ಹೋಗುತ್ತೆ ಕೂಡ. ವಾಪಸ್ ಬಂದಾಗ ಬಿಟ್ಟಿದ್ದನ್ನೆಲ್ಲ ಸರಿದೂಗಿಸೋಕೆ ಹೋಗ್ಬೇಡಿ. ಪುಟದ ಮೇಲಿನ ಆ ಎರಡು ಸಾಲು ಓದಿ, ಕೊನೆ ವಾಕ್ಯದಲ್ಲಿ ಒಂದು ಪದ ಬದಲಾಯಿಸಿ ನೋಡಿ, ಮೈ ಒಪ್ಪಿದ್ರೆ ಅದರ ಮುಂದೆ ಇನ್ನೊಂದು ವಾಕ್ಯ ಹಾಕಿ.