ಸುಣ್ಣದ ಪೊರೆ ಹೇಳಿದ ಸುಳ್ಳು

ಪೆಟ್ಟಿಗೆಯಲ್ಲಿ ಎಂಬತ್ತು ಚಿಲ್ಲರೆ ಚೂರುಗಳಿದ್ದವು. ದಕ್ಷಿಣ ಇಟಲಿಯ ನವಶಿಲಾಯುಗದ ನೆಲೆಯೊಂದರಲ್ಲಿ ಅಗೆದು ತೆಗೆದ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು. ಹೆಚ್ಚಿನವು ಬೆರಳಿನ ಉಗುರಿನಷ್ಟು ಅಗಲದ ಅಲಗುಗಳು. ಯಾವ ಚೂರು ಯಾವ ಬೆಟ್ಟದ್ದು ಎಂದು ಹೇಳಬೇಕಿತ್ತು. ಒಂದನ್ನೂ ಒಡೆಯುವಂತಿಲ್ಲ, ಆಮ್ಲ ಸೋಕಿಸುವಂತಿಲ್ಲ.

ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ಆ ಕಾಲದವರು ಅಬ್ಸಿಡಿಯನ್ ತಂದದ್ದು ಮುಖ್ಯವಾಗಿ ನಾಲ್ಕು ಕಡೆಯಿಂದ: ಲಿಪಾರಿ, ಪಾಂಟೆಲೇರಿಯಾ, ಪಾಲ್ಮರೋಲಾ, ಸಾರ್ಡಿನಿಯಾದ ಮೋಂತೆ ಆರ್ಚಿ. ನಾಲ್ಕೂ ಇರುವುದು ದ್ವೀಪಗಳಲ್ಲೇ. ಹಾಗಾಗಿ ಆ ಪೆಟ್ಟಿಗೆಯ ಪ್ರತಿ ಚೂರೂ ಯಾರದೋ ದೋಣಿಯಲ್ಲಿ ಸಮುದ್ರ ದಾಟಿ ಬಂದದ್ದು. ಕೈಯಲ್ಲಿ ಹಿಡಿದಾಗಲೆಲ್ಲ ಇದು ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು.

ಪಾಂಟೆಲೇರಿಯಾದ ಗಾಜಿಗೆ ಹಸಿರು ಛಾಯೆ ಇರುತ್ತದೆ ನಿಜ. ಉಳಿದವುಗಳ ಬಣ್ಣ ನಂಬಿ ಮೂಲ ಬರೆಯಬಾರದು. ಸಿಲಿಕಾ ಎಲ್ಲದರಲ್ಲೂ ಶೇ 70-75ರ ಆಸುಪಾಸು, ಅದರಿಂದಲೂ ಗುರುತು ಸಿಗದು. ಗುರುತು ಸಿಗುವುದು ಸಾಮಾನ್ಯವಾಗಿ ಹತ್ತು ಲಕ್ಷ ಭಾಗಕ್ಕೆ ಕೆಲವು ಹತ್ತು, ಕೆಲವು ನೂರು ಭಾಗದಷ್ಟೇ ಇರುವ ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂ, ನಯೋಬಿಯಂಗಳಲ್ಲಿ. ಒಂದೇ ಲಾವಾ ಹರಿವಿನ ಉದ್ದಕ್ಕೂ ಅವುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ, ಬೆಟ್ಟ ಬದಲಾದರೆ ಅದೂ ಬದಲು. ಸಂಶೋಧಕರಾದ ಕ್ಯಾನ್ ಮತ್ತು ರೆನ್‌ಫ್ರೂ 1964ರಲ್ಲಿ ಮೆಡಿಟರೇನಿಯನ್ ಅಬ್ಸಿಡಿಯನ್ನಿಗೆ ತೋರಿಸಿಕೊಟ್ಟ ದಾರಿಯೇ ಇದು.

ನಾನು ಬಳಸಿದ್ದು ಕೈಯಲ್ಲಿ ಹಿಡಿಯುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರ. ಎಕ್ಸ್-ರೇ ಬಿಟ್ಟಾಗ ಚೂರಿನಿಂದ ಹೊಮ್ಮುವ ಕಿರಣಗಳಿಂದ ಯಾವ ಧಾತು ಎಷ್ಟಿದೆ ಎಂದು ಅದು ಹೇಳುತ್ತದೆ. 40 ಕಿಲೋವೋಲ್ಟ್, ಮುಂದೆ ಲೋಹದ ಫಿಲ್ಟರ್, ಚೂರಿಗೆ ಮೂರು ನಿಮಿಷ. ಪ್ರತಿ ಬೆಳಿಗ್ಗೆ ಮೊದಲು ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಮಾದರಿ ಪುಡಿ ಆರ್‌ಜಿಎಂ-2. ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ರುಬಿಡಿಯಂ 150ರ, ಸ್ಟ್ರಾನ್ಷಿಯಂ 110ರ ಹತ್ತಿರ ಬಂದರಷ್ಟೇ ಮುಂದಿನ ಕೆಲಸ.

ಮೂರನೇ ದಿನ ಗ್ರಾಫಿನಲ್ಲಿ ಎರಡು ಚುಕ್ಕೆಗಳು ಗುಂಪು ಬಿಟ್ಟು ದೂರ ನಿಂತವು. ಲಿಪಾರಿಯ ಗಾಜಿನಲ್ಲಿ ಸ್ಟ್ರಾನ್ಷಿಯಂ ತೀರಾ ಕಡಿಮೆ. ಈ ಎರಡರಲ್ಲಿ ಅದರ ಎಷ್ಟೋ ಪಟ್ಟು. ಸಾರ್ಡಿನಿಯಾದ ಗಾಜು ಇಷ್ಟು ದೂರ ಬಂತೇ ಎಂದು ಖುಷಿಯಿಂದ ಟಿಪ್ಪಣಿಯನ್ನೂ ಬರೆದೆ. ರಾತ್ರಿ ಮಲಗುವ ಮುನ್ನ ಒಂದು ವಿಷಯ ಕೊರೆಯತೊಡಗಿತು: ಜಿರ್ಕೋನಿಯಂ, ನಯೋಬಿಯಂ ಎರಡೂ ಲಿಪಾರಿಯವೇ ಆಗಿದ್ದವು. ಒಂದೇ ಧಾತು ಮಾತ್ರ ಏಕೆ ಬೇರೆ ದ್ವೀಪದ ಹೆಸರು ಹೇಳಬೇಕು?

ಮರುದಿನ ಫಿಲ್ಟರ್ ತೆಗೆದು, ವೋಲ್ಟೇಜ್ ಇಳಿಸಿ ಮತ್ತೆ ಅಳೆದೆ. ಯಂತ್ರದ ಗ್ರಾಫಿನಲ್ಲಿ ಕ್ಯಾಲ್ಸಿಯಂನ ಶಿಖರ ನೆಟ್ಟಗೆ ಎದ್ದು ನಿಂತಿತ್ತು. ಫಿಲ್ಟರ್ ಅದನ್ನೇ ಮರೆಮಾಡಿತ್ತು. ಮಸೂರದಲ್ಲಿ ನೋಡಿದರೆ ಚೂರಿನ ತಗ್ಗುಗಳಲ್ಲಿ ತೆಳ್ಳನೆ ಬಿಳಿ ಪೊರೆ, ಮಣ್ಣಿನ ಸುಣ್ಣ ಕಟ್ಟಿಕೊಂಡದ್ದು. ಕ್ಯಾಲ್ಸಿಯಂ ಇರುವಲ್ಲಿಗೆ ಸ್ಟ್ರಾನ್ಷಿಯಂ ಜೊತೆಯಾಗಿಯೇ ಬರುತ್ತದೆ. ಚೂರು ಮಗುಚಿ, ಶುಭ್ರವಾಗಿದ್ದ ಮಗ್ಗುಲನ್ನು ಅಳೆದಾಗ ಎರಡೂ ಚುಕ್ಕೆ ಸೀದಾ ಲಿಪಾರಿಯ ಗುಂಪಿಗೆ ಹೋಗಿ ಕೂತವು. ಟಿಪ್ಪಣಿ ಹರಿದು ಹಾಕಿದೆ. ಅಂದಿನಿಂದ ಪ್ರತಿ ಚೂರಿನ ಎರಡೂ ಮುಖ ಅಳೆಯುತ್ತೇನೆ, ಎರಡೂ ಒಂದೇ ಹೇಳದಿದ್ದರೆ ಮೂಲ ಬರೆಯುವುದಿಲ್ಲ. ಸಂಗ್ರಹದ ಸಂಖ್ಯೆ ಬರೆಯಲು ಬಳಿದ ಬಿಳಿ ಬಣ್ಣದ ಮೇಲಂತೂ ಯಂತ್ರ ಇಡುವುದೇ ಇಲ್ಲ.

ತೆಳು ಅಲಗುಗಳದ್ದು ಬೇರೆ ಪಾಡು. ಎರಡು ಮಿಲಿಮೀಟರಿಗಿಂತ ತೆಳುವಾದರೆ ಕಿರಣ ಹಾದುಹೋಗಿ ಸಂಖ್ಯೆಗಳು ಕುಸಿಯುತ್ತವೆ. ಅಲ್ಲಿ ಪ್ರಮಾಣದ ಬದಲು ರುಬಿಡಿಯಂ-ಸ್ಟ್ರಾನ್ಷಿಯಂ-ಜಿರ್ಕೋನಿಯಂಗಳ ಪರಸ್ಪರ ಅನುಪಾತ ನೋಡಿದೆ, ಅದು ಅಷ್ಟಾಗಿ ಕದಲುವುದಿಲ್ಲ.

ಕೊನೆಗೆ ಬಹುಪಾಲು ಲಿಪಾರಿಯದು, ಮೂರು ಪಾಲ್ಮರೋಲಾದ್ದು. ಐದು ಚೂರುಗಳ ಮುಂದೆ ‘ನಿರ್ಧಾರವಾಗಿಲ್ಲ’ ಎಂದು ಬರೆದಿದ್ದೇನೆ. ಅವು ಯಂತ್ರದ ಕಿಂಡಿಗಿಂತಲೂ ಸಣ್ಣವು. ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಕೊರೆದು ಅಳೆಯಬಹುದು. ಅದಕ್ಕೆ ಒಪ್ಪಿಗೆ ಕೇಳಿ ಪತ್ರ ಬರೆದಿದ್ದೇನೆ.