ಡೀಸೆಲ್ಲೋ ಪೆಟ್ರೋಲೋ: ಹಳೇ ಕಾರು ಬದಲಿಸುವಾಗ ನಾನು ನೋಡಿದ್ದು

ನಮ್ಮ ಹಳೇ ಡೀಸೆಲ್ ಕಾರಿನ ಎಂಜಿನ್ ಕೊನೆಯವರೆಗೂ ಗಟ್ಟಿಯಾಗೇ ಇತ್ತು. ಸೋತದ್ದು ಅದರ ಸುತ್ತಲಿನ ತಗಡು, ರಬ್ಬರು, ವೈರಿಂಗು. ಒಂದು ಕಡೆ ರಿಪೇರಿ ಮಾಡಿಸಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಹೊಸದು ಬೇಡ, ಐದಾರು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಸಾಕು ಎನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಜಗಳ ಹತ್ತಿದ್ದು ಇಂಧನದ ವಿಷಯಕ್ಕೆ. “ಡೀಸೆಲ್ಲೇ ಇರಲಿ, ಇಷ್ಟು ವರ್ಷ ಎಂಜಿನ್ನಿಂದ ಏನಾದರೂ ತೊಂದರೆ ಆಗಿದೆಯಾ?” ಎಂದರು ಮನೆಯವರು. ಆಗಿರಲಿಲ್ಲ, ನಿಜ. ಆದರೆ ಆ ನಂಬಿಕೆ ಕಟ್ಟಿಕೊಂಡಿದ್ದು ಹಳೇ ಕಾಲದ ಎಂಜಿನ್ ಮೇಲೆ. ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವ ಡೀಸೆಲ್ ಕಾರುಗಳ ಜಾತಿಯೇ ಬೇರೆ.

ನಮ್ಮದರಲ್ಲಿ ಇದ್ದದ್ದು ಮೆಕ್ಯಾನಿಕಲ್ ಪಂಪು, ನೇರ ಸೈಲೆನ್ಸರ್ರು, ಹಿಂದೆ ಒಂದಿಷ್ಟು ಕಪ್ಪು ಹೊಗೆ. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನ ಮೂಲಕ ಕಾಮನ್ ರೈಲ್ ಡೀಸೆಲ್, ಅಂದರೆ ಇಂಧನ ಚಿಮ್ಮುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಒದಗಿಸುವ ಎಂಜಿನ್, ಮನೆ ಬಳಕೆಯ ಕಾರುಗಳಿಗೆ ಬಂತು. 2000ದಲ್ಲಿ ಪೂಜೋ 607 ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅನ್ನು, ಅಂದರೆ ಡಿಪಿಎಫ್ ಅನ್ನು ತಂತು. ಅಲ್ಲಿಂದಾಚೆಗೆ ಡೀಸೆಲ್ ಎಂಜಿನ್ ಸದ್ದು ಕಡಿಮೆಯಾಯಿತು, ಪಿಕಪ್ ಬಂತು, ಹೊಗೆ ಮಾಯವಾಯಿತು. ಜೊತೆಗೆ ಕೆಡಬಹುದಾದ ಬಿಡಿಭಾಗಗಳೂ ಹೆಚ್ಚಾದವು. ಸಾಧಾರಣ ಪೆಟ್ರೋಲ್ ಎಂಜಿನ್ನಿನ ಇಂಜೆಕ್ಟರ್ ಮೂರು ನಾಲ್ಕು ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಕೆಲಸ ಮಾಡಿದರೆ, ಕಾಮನ್ ರೈಲ್ ಡೀಸೆಲ್‌ನದ್ದು 1,600ರಿಂದ 2,000 ಬಾರ್, ಕೆಲವದರಲ್ಲಿ ಅದಕ್ಕೂ ಮೇಲೆ. ಆ ಒತ್ತಡ ತಾಳುವ ಪಂಪು, ಇಂಜೆಕ್ಟರ್, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ, ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್, ಎಂಜಿನ್ನಿನ ನಡುಕ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್, ಡಿಪಿಎಫ್, ಇನ್ನೂ ಹೊಸದಾದರೆ ಹೊಗೆಯ ವಿಷ ಕಡಿಮೆ ಮಾಡಲು ಯೂರಿಯಾ ಟ್ಯಾಂಕ್. ಒಂದೊಂದೂ ಒಳ್ಳೆಯ ತಂತ್ರಜ್ಞಾನವೇ. ಆದರೆ ವಾರಂಟಿ ಮುಗಿದ ಕಾರಿನಲ್ಲಿ ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಡೀಸೆಲ್‌ನಲ್ಲಿ ಉಳಿಸಿದ್ದೆಲ್ಲ ಗ್ಯಾರೇಜಿಗೆ ಹೋಗುತ್ತದೆ.

ಇವುಗಳ ಪೈಕಿ ನನ್ನ ತೀರ್ಮಾನಕ್ಕೆ ಕಾರಣವಾದದ್ದು ಡಿಪಿಎಫ್. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಂಬುತ್ತಾ ಬಂದಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಸುಡಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖ ಬರಿಸಲು ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಬಿಡುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮ ಓಡುತ್ತಿದ್ದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಈ ಕೆಲಸ ಮುಗಿಯುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ನಡುವೆ ಕೀಲಿ ತೆಗೆದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಫಿಲ್ಟರ್ ಕಟ್ಟುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಅದನ್ನೇ ನಂಬಿಕೊಂಡ ಟರ್ಬೊಗೂ ಬೇರಿಂಗಿಗೂ ಪೆಟ್ಟು.

ಹಾಗಾಗಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂಬ ಪ್ರಶ್ನೆಗಿಂತ, ಒಮ್ಮೆ ಸ್ಟಾರ್ಟ್ ಮಾಡಿದರೆ ಎಷ್ಟು ಹೊತ್ತು ಓಡುತ್ತದೆ ಎಂಬ ಪ್ರಶ್ನೆ ನನಗೆ ಮುಖ್ಯವಾಯಿತು. ಹಳೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಸ್ತಕ ಇಟ್ಟೆ. ಯಾರು ಓಡಿಸಿದರೂ ಹೊರಟ ಹೊತ್ತು, ನಿಲ್ಲಿಸಿದ ಹೊತ್ತು, ನಿಲ್ಲಿಸುವಾಗ ಟೆಂಪರೇಚರ್ ಮುಳ್ಳು ಎಲ್ಲಿತ್ತು ಎಂದು ಬರೆಯಬೇಕು. ಮೊದಮೊದಲು ಎಲ್ಲರೂ ಮೂಗು ಮುರಿದರು. ಕೆಲವು ವಾರ ಕಳೆದು ಪುಟ ತಿರುವಿದಾಗ ವಾದ ತಾನಾಗಿ ತಣ್ಣಗಾಯಿತು. ಮಕ್ಕಳನ್ನು ಬಿಡುವುದು, ಕರೆತರುವುದು, ಸಾಮಾನು ತರುವುದು, ಆಸ್ಪತ್ರೆ. ಮುಳ್ಳು ಮಧ್ಯಕ್ಕೆ ಬರುವ ಮೊದಲೇ ಕೀಲಿ ತೆಗೆದದ್ದೇ ಹೆಚ್ಚು. ದೂರದ ಪ್ರಯಾಣ ಇತ್ತು, ಆದರೆ ಅಪರೂಪ.

ಮೈಲೇಜಿನ ಲೆಕ್ಕವನ್ನೂ ಕೂತು ಹಾಕಿದೆ. ಪೆಟ್ರೋಲ್ ಕಾರು ಲೀಟರಿಗೆ 14, ಡೀಸೆಲ್ 18 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,000 ಕಿಲೋಮೀಟರ್ ಓಡಿಸಿದರೆ ಉಳಿಯುವುದು ಸುಮಾರು 125 ಲೀಟರ್. ಅದೇ 25,000 ಕಿಲೋಮೀಟರ್ ಆದರೆ ಸುಮಾರು 400 ಲೀಟರ್. ಕಾರಿನ ಬೆಲೆಯ ಅಂತರ, ಸರ್ವಿಸ್ ಖರ್ಚಿನ ಅಂತರ ಎರಡನ್ನೂ ಈ ಲೀಟರ್ ಲೆಕ್ಕಕ್ಕೆ ತಿರುಗಿಸಿಕೊಂಡರೆ ಎಷ್ಟು ವರ್ಷಕ್ಕೆ ಅಸಲು ಹುಟ್ಟುತ್ತದೆ ಎಂದು ಯಾರಿಗಾದರೂ ಹೊಳೆಯುತ್ತದೆ. ನಮ್ಮ ಓಟಕ್ಕೆ ಅಸಲು ಹುಟ್ಟುವ ಹೊತ್ತಿಗೆ ಕಾರೇ ಹಳತಾಗಿರುತ್ತಿತ್ತು. ಅಂದಹಾಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿರುತ್ತದೆ. ಮೈಲೇಜಿನ ಶ್ರೇಯಸ್ಸು ಪೂರ್ತಿ ಎಂಜಿನ್ನಿಗೇ ಸಲ್ಲಬೇಕಾಗಿಲ್ಲ.

ಇದೇ ಸಮಯದಲ್ಲಿ ನನ್ನ ತಮ್ಮನೂ ಕಾರು ಹುಡುಕುತ್ತಿದ್ದ. ಅವನದು ದಿನಾ ಹೆದ್ದಾರಿ ಪ್ರಯಾಣ, ಒಂದೊಂದು ಕಡೆಗೆ ಗಂಟೆಗಟ್ಟಲೆ. ಅವನಿಗೆ ಡೀಸೆಲ್ಲೇ ತಗೋ ಎಂದೆ, ತಗೊಂಡ, ಡಿಪಿಎಫ್ ಎಂಬುದೊಂದು ಇದೆ ಎಂದು ಅವನಿಗೆ ಇವತ್ತಿಗೂ ನೆನಪಾಗಬೇಕಾದ ಪ್ರಮೇಯ ಬಂದಿಲ್ಲ.

ಪೆಟ್ರೋಲ್ ಎಂದು ನಿರ್ಧರಿಸಿದ ಮೇಲೂ ಕೆಲಸ ಮುಗಿಯಲಿಲ್ಲ, ಪೆಟ್ರೋಲ್‌ನಲ್ಲೂ ಪಂಗಡಗಳಿವೆ. ಚಿಕ್ಕ ಟರ್ಬೊ ಎಂಜಿನ್, ನೇರ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್: ಓಡಿಸಲು ಖುಷಿ. ಆದರೆ ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವ್‌ಗಳ ಬೆನ್ನನ್ನು ತೊಳೆಯುವ ಪೆಟ್ರೋಲ್ ಅಲ್ಲಿಗೆ ಬೀಳುವುದೇ ಇಲ್ಲವಾದ್ದರಿಂದ ಕಾರ್ಬನ್ ಕಟ್ಟುತ್ತಾ ಹೋಗುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುತ್ತದೆ. ಬೆಲ್ಟ್ ಚಕ್ಕೆ ಎದ್ದರೆ ಆ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತವೆ. ನಾನು ಹುಡುಕಿದ್ದು ಟರ್ಬೊ ಇಲ್ಲದ, ಹಳೇ ಕ್ರಮದಲ್ಲಿ ವಾಲ್ವಿನ ಹಿಂದೆಯೇ ಪೆಟ್ರೋಲ್ ಚಿಮ್ಮುವ ಪೋರ್ಟ್ ಇಂಜೆಕ್ಷನ್ ಇರುವ, ಬೆಲ್ಟಿನ ಬದಲು ಟೈಮಿಂಗ್ ಚೈನ್ ಇರುವ ಎಂಜಿನ್. ಕಾಗದದ ಮೇಲೆ ಸಪ್ಪೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಸಪ್ಪೆ ಎಂಬುದು ಹೊಗಳಿಕೆಯೇ.

ಕಾರು ನೋಡಲು ಹೋಗುವ ಮೊದಲು ಫೋನಿನಲ್ಲಿ ಒಂದೇ ಒಂದು ಕೋರಿಕೆ: “ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.” ಹೋದೊಡನೆ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಹೊರಡುತ್ತಿದ್ದೆ. ಎಂಜಿನ್ ತಣ್ಣಗಿದ್ದಾಗ ಆಗುವ ಮೊದಲ ಕೆಲವು ಸೆಕೆಂಡುಗಳ ಸದ್ದು ಬಿಸಿಯಾದ ಮೇಲೆ ಸಿಗುವುದಿಲ್ಲ. ಚೈನ್ ಸಡಿಲವಾಗಿದ್ದರೆ ಸ್ಟಾರ್ಟ್ ಆದ ಕೂಡಲೇ ಕರಕರ ಎನ್ನುತ್ತದೆ, ಆಯಿಲ್ ಪ್ರೆಶರ್ ಏರಿದೊಡನೆ ಸುಮ್ಮನಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರುವ ಅನುಮಾನ. ತಮ್ಮನ ಜೊತೆ ಡೀಸೆಲ್ ನೋಡಲು ಹೋದಾಗ ಇನ್ನೂ ಮೂರು ಕೆಲಸ. ಕ್ಲಚ್ ಒತ್ತಿ ಬಿಟ್ಟು, ಆಮೇಲೆ ಎಂಜಿನ್ ಆಫ್ ಮಾಡಿ ಫ್ಲೈವೀಲ್ ಗಡಗಡ ಎನ್ನುತ್ತದೆಯೇ ಕೇಳುವುದು. ಡಿಪ್‌ಸ್ಟಿಕ್ ತೆಗೆದು ಆಯಿಲ್ ಮೇಲಿನ ಗುರುತನ್ನೂ ದಾಟಿದೆಯೇ ನೋಡುವುದು. ದಾಟಿದ್ದರೆ ಆಯಿಲ್ಲಿಗೆ ಡೀಸೆಲ್ ಸೇರಿರಬಹುದು. ಕೊನೆಗೆ ಸೈಲೆನ್ಸರ್ ಪೈಪಿನೊಳಗೆ ಬೆರಳಾಡಿಸುವುದು. ಡಿಪಿಎಫ್ ಇರುವ ಕಾರಿನಲ್ಲಿ ಅಲ್ಲಿ ದಪ್ಪ ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಒಳಗಿನದನ್ನು ಕಿತ್ತು ಹಾಕಿದ್ದಾರೆ.

ಜೇಬಿನಲ್ಲಿ ಹಿಡಿಯುವ ಒಂದು ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿನಲ್ಲಿರುವುದನ್ನು ಓದುವ ಉಪಕರಣ, ಕೊಂಡಿದ್ದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವುದು. ಬಹಳ ಜನ ಎರರ್ ಕೋಡ್ ಇದೆಯೇ ಎಂದಷ್ಟೇ ನೋಡಿ ಬಿಡುತ್ತಾರೆ. ಕೋಡ್ ಅಳಿಸುವುದು ಅರೆ ನಿಮಿಷದ ಕೆಲಸ. ನಾನು ನೋಡುತ್ತಿದ್ದದ್ದು ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬ ಅಂಕಿ ಮತ್ತು ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳ ಸ್ಥಿತಿ. ಒಂದು ಕಾರು ಹೊರಗಿನಿಂದ ಹೊಳೆಯುತ್ತಿತ್ತು, ಒಂದೂ ಕೋಡ್ ಇಲ್ಲ. ಆದರೆ ಅಳಿಸಿದ ಮೇಲೆ ಓಡಿದ್ದು ಬೆರಳೆಣಿಕೆಯ ಕಿಲೋಮೀಟರ್, ಮಾನಿಟರ್‌ಗಳಲ್ಲಿ ಅರ್ಧದಷ್ಟು ಇನ್ನೂ ‘ಅಪೂರ್ಣ’. ಮಾರುವವರನ್ನು ಕೇಳಿದೆ. ಬ್ಯಾಟರಿ ಬದಲಿಸಿದ್ದೇವೆ ಎಂದರು. ಬ್ಯಾಟರಿ ಕಳಚಿದರೂ ಕೆಲವು ಕಾರುಗಳಲ್ಲಿ ಹೀಗಾಗುವುದುಂಟು. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿ ಟರ್ಮಿನಲ್ಲಿನ ಮೇಲೆ ವರ್ಷಗಳ ಹಸಿರು ಪುಡಿ ಹಾಗೇ ಕೂತಿತ್ತು. ನಮಸ್ಕಾರ ಹೇಳಿ ಬಂದೆ.

ಕೊನೆಗೆ ಉಳಿದದ್ದು ಎರಡು ಕಾರು. ಒಂದರ ಮೀಟರಿನಲ್ಲಿ ಓಟ ತೀರಾ ಕಡಿಮೆ, ಆದರೆ ಸರ್ವಿಸ್ ಬಿಲ್ಲು ಒಂದೂ ಇಲ್ಲ. ಇನ್ನೊಂದು ಅದರ ಎರಡರಷ್ಟು ಓಡಿದೆ, ಆದರೆ ಫೈಲಿನ ತುಂಬ ಬಿಲ್ಲುಗಳು, ಪ್ರತಿ ಬಿಲ್ಲಿನಲ್ಲೂ ದಿನಾಂಕ, ಕಿಲೋಮೀಟರ್, ಹಾಕಿದ ಆಯಿಲ್ಲಿನ ಗ್ರೇಡ್. ಮನೆಯವರ ಒಲವೆಲ್ಲ ಮೊದಲನೆಯದರ ಕಡೆ. ನಾನು ಅದರ ಬ್ರೇಕ್ ಪೆಡಲ್ ತೋರಿಸಿದೆ: ಹಿಮ್ಮಡಿಯ ಕಡೆಯ ರಬ್ಬರ್ ಗೆರೆಗಳು ಸವೆದು ನುಣುಪಾಗಿದ್ದವು. ಡ್ರೈವರ್ ಸೀಟಿನ ಬಾಗಿಲ ಬದಿಯ ಅಂಚು ಕುಸಿದು ಸುಕ್ಕುಗಟ್ಟಿತ್ತು. ಟೈರಿನ ಪಕ್ಕದಲ್ಲಿ ತಯಾರಿಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಯಲ್ಲಿ ಒತ್ತಿರುತ್ತಾರೆ; 2319 ಎಂದರೆ 2019ರ ಇಪ್ಪತ್ತಮೂರನೇ ವಾರ. ಆ ಕಾರಿನ ನಾಲ್ಕೂ ಟೈರು ಕಾರಿಗಿಂತ ಬಹಳ ಕಿರಿಯ ವಯಸ್ಸಿನವು. ಅಷ್ಟು ಕಡಿಮೆ ಓಡಿದ ಕಾರಿಗೆ ಕಂಪನಿ ಟೈರು ಇಷ್ಟು ಬೇಗ ಯಾಕೆ ಹೋದವು? ಮೀಟರ್ ತಿರುಗಿಸಿದ್ದಾರೆ ಎಂದು ನಾನು ಆಣೆ ಮಾಡಿ ಹೇಳಲಾರೆ. ಮೀಟರ್ ಒಂದು ಹೇಳುತ್ತಿತ್ತು, ಉಳಿದದ್ದೆಲ್ಲ ಇನ್ನೊಂದು ಹೇಳುತ್ತಿತ್ತು, ಅಷ್ಟೇ. ಹೆಚ್ಚು ಓಡಿದ್ದನ್ನೇ ಆರಿಸಿದೆವು.

ಹಣ ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಕೂರಿಸಿದೆ. ಮಗುವಿನ ಸೀಟನ್ನೂ ಹೊತ್ತೊಯ್ದಿದ್ದೆ. ಅದನ್ನು ಕಟ್ಟಿದ ಮೇಲೆ ಮುಂದಿನ ಸೀಟಿನವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ ಎಂಬುದು ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಅಮ್ಮನಿಗೆ ಬೇಕಾದದ್ದು ಸೀಟಿನ ಎತ್ತರ: ಬಗ್ಗಿ ಇಳಿಯುವಂತಿರಬಾರದು, ಹತ್ತಿ ಏರುವಂತೆಯೂ ಇರಬಾರದು. ಅವರು ಹೊಳೆಯುವ ಕಾರೊಂದನ್ನು ಬರೀ ಈ ಒಂದು ಕಾರಣಕ್ಕೆ ಬೇಡವೆಂದಿದ್ದರು, ಸರಿಯಾಗೇ ಹೇಳಿದ್ದರು. ಸೀಟ್ ಬೆಲ್ಟುಗಳನ್ನು ಕೊನೆಯವರೆಗೆ ಎಳೆದು ನೋಡಿದೆ. ನೆರೆ ನೀರಲ್ಲಿ ನಿಂತ ಕಾರಿಗೆ ಒಳಗಿನ ಬಟ್ಟೆಯೆಲ್ಲ ಹೊಸದು ಹಾಕಿಸಿರುತ್ತಾರೆ, ಸುರುಳಿಯೊಳಗಿನ ಬೆಲ್ಟಿನ ಕಲೆ ಮಾತ್ರ ಮರೆತಿರುತ್ತಾರೆ. ಸ್ಟೆಪ್ನಿ ಕೆಳಗಿನ ಗುಳಿಯಲ್ಲಿ ಕೆಸರಿಲ್ಲ, ತುಕ್ಕಿಲ್ಲ.

ತಂದ ವಾರವೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿದೆ, ಬಿಲ್ಲಿನಲ್ಲಿ ಇದೆಲ್ಲ ಆಗಲೇ ಇದ್ದರೂ. ಸ್ಪಾರ್ಕ್ ಪ್ಲಗ್ ತೆಗೆಸಿ ನೋಡಿದಾಗ ನಾಲ್ಕೂ ಒಂದೇ ತಿಳಿ ಕಂದು ಬಣ್ಣದಲ್ಲಿದ್ದವು, ಅಲ್ಲಿಗೆ ನನಗೆ ನಿದ್ದೆ ಬಂತು. ಹಳೇ ಡೀಸೆಲ್ಲಿನ ರೂಢಿ ಬಿಡಲು ಮಾತ್ರ ಕೆಲವು ದಿನ ಹಿಡಿಯಿತು. ಕೆಳಗಿನ ಆರ್‌ಪಿಎಂನಲ್ಲೇ ಎಳೆದುಕೊಂಡು ಹೋಗುವ ಆ ದಮ್ಮು ಇದಕ್ಕಿಲ್ಲ. ತುಂಬು ಲೋಡಿನಲ್ಲಿ ಏರು ಬಂದರೆ ಮೂರನೇ ಗೇರಿಗೆ ಇಳಿಸಿ ಎಂಜಿನ್ನನ್ನು ಸ್ವಲ್ಪ ಕೂಗಿಸಲೇಬೇಕು. ಮನೆಯವರು ಪ್ರತಿ ಏರಿನಲ್ಲೂ “ಡೀಸೆಲ್ ಆಗಿದ್ದರೆ” ಎಂದು ಶುರುಮಾಡುತ್ತಾರೆ, ನಾನು ಗೇರ್ ಬದಲಿಸುತ್ತೇನೆ.